ಸೋಲಾರ್ ನೆರಳಲ್ಲಿ ಮುಗಿದ ಕಾದಂಬರಿ

ಊಟ ಮಾಡುವಾಗ ಓದುವುದು ನನಗಂಟಿದ ಚಟ. ಬಲಸಮುದ್ರದ ಸೋಲಾರ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಗ, ಪ್ಯಾನೆಲ್ಲಿನ ನೆರಳಲ್ಲಿ ಬುತ್ತಿಯ ಜೊತೆಗೇ ಕಾದಂಬರಿಯನ್ನೂ ಬಿಚ್ಚುತ್ತಿದ್ದೆ. ಅಲ್ಲಿ ಹುಲ್ಲು ಕೊಯ್ಯಲು ಬರುತ್ತಿದ್ದ ಗಂಗಮ್ಮ ಒಂದು ದಿನ, "ಒಬ್ರೇ ಓದ್ಕೊಂಡ್ರೆ ಹೆಂಗೆ ಸಾರ್? ನಮ್ಗೂ ಒಸಿ ಹೇಳಿ" ಅಂದರು.

ಹೇಳಿದೆ. ಸೊಸೆಯೊಬ್ಬಳು ಮನೆಯ ಎಮ್ಮೆಯನ್ನೂ ಹೊಡೆದುಕೊಂಡು ಗಂಡನ ಮನೆ ಬಿಟ್ಟು ಹೋಗುತ್ತಾಳೆ. ಅತ್ತೆ ಹುಡುಕಿಕೊಂಡು ಹೊರಡುತ್ತಾಳೆ. ಹುಲ್ಲು ಕೊಯ್ಯುವ ಹೆಂಗಸರೆಲ್ಲ ಸುತ್ತ ಬಂದು ಕೂತರು. ದಿನಕ್ಕಿಷ್ಟು ಹೇಳುತ್ತಾ ಬಂದೆ. ಕತೆಯಲ್ಲಿ ಅತ್ತೆ ಸೊಸೆ ಕೆರೆ ಏರಿಯ ಮೇಲೆ ಎದುರಾಗುವ ಹೊತ್ತಿಗೆ ನನ್ನನ್ನು ಶಿರಾ ಕಡೆ ಕೆಲಸಕ್ಕೆ ಹಾಕಿದರು.

ವಾರ ಬಿಟ್ಟು ಬಂದೆ. ಅಷ್ಟರಲ್ಲಿ ಪುಸ್ತಕ ಓದಿ ಮುಗಿಸಿದ್ದೆ. "ಮುಂದೇನಾಯ್ತು ಗೊತ್ತಾ?" ಅಂತ ಗತ್ತಿನಿಂದ ಶುರುಮಾಡಿದೆ.

"ಗೊತ್ತು ಬುಡಿ ಸಾರ್. ನೀವು ಬರ್ಲಿಲ್ಲ, ನಾವೇ ಮುಗಿಸ್ಬುಟ್ವಿ" ಅಂದರು ಗಂಗಮ್ಮ.

"ಹೆಂಗೆ?"

"ಅತ್ತೆ ಎಮ್ಮೆ ಹಗ್ಗ ಇಸ್ಕೊಂಡ್ಲು. 'ನಡಿಯಮ್ಮ, ನಾನೂ ಬತ್ತೀನಿ. ಆ ಮನೆ ನಂಗೂ ಸಾಕಾಗೈತೆ' ಅಂದ್ಲು."

ತುತ್ತು ಕೈಯಲ್ಲೇ ಉಳಿಯಿತು. ಪುಸ್ತಕದಲ್ಲಿ ಊರ ಹಿರಿಯರು ಬಂದು, ಪುಟಗಟ್ಟಲೆ ಬುದ್ಧಿ ಹೇಳಿ, ಸೊಸೆಯನ್ನು ವಾಪಸ್ ಕರೆದುಕೊಂಡು ಹೋಗುತ್ತಾರೆ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟೆ.

"ಹೌದು ಗಂಗಮ್ಮ, ಅಂಗೇ ಆಗೋದು" ಅಂದೆ.

"ಇನ್ನೆಂಗಾದಾತು?" ಅಂತ ಅವರು ಕುಡುಗೋಲು ಎತ್ತಿಕೊಂಡು ಎದ್ದರು.

ಈಗ ಯಾರಾದರೂ ಓದಲು ಒಳ್ಳೆಯ ಪುಸ್ತಕ ಕೇಳಿದರೆ ಆ ಕಾದಂಬರಿಯನ್ನೇ ಕೊಡುತ್ತೇನೆ. ಕೊನೆಯ ಅಧ್ಯಾಯಕ್ಕೆ ಮಾತ್ರ ಸ್ಟೇಪ್ಲರ್ ಪಿನ್ನು ಹೊಡೆದಿದ್ದೇನೆ. ಕತೆಯ ಕೊನೆಯನ್ನು ಬಲಸಮುದ್ರಕ್ಕೆ ಹೋಗಿ ಕೇಳಬೇಕು.