ಗೆರೆಯೊಳಗಿನ ಕಸ

ಬೀದರಿನಲ್ಲಿ ಇಳಿದುಕೊಂಡಿದ್ದ ಮನೆಯ ಓಣಿಯಲ್ಲಿ ಸೋಮವಾರ ಬೆಳಗ್ಗೆ ಗಾಡಿ ನಿಲ್ಲಿಸಬಾರದೆಂಬ ಫಲಕ ನಾನು ನೋಡಿರಲಿಲ್ಲ. ಅಥವಾ ನೋಡಿಯೂ ಕಾರು ನಿಲ್ಲಿಸಿದ್ದೆ. ರಸ್ತೆ ಗುಡಿಸುವ ಶಾಂತಮ್ಮ ಬಾಗಿಲು ಬಡಿದರು.

“ಗಾಡಿ ತಗೀರಿ ಅಣ್ಣಾ.”

“ಸುತ್ತ ಗುಡಿಸಿಬಿಡಿ ಅಮ್ಮಾ.”

“ನಿಮ್ಮ ಮನ್ಯಾಗ ಮಂಚದ ಬುಡಕಿನ ಕಸ ಹಂಗೇ ಬಿಡ್ತೀರೇನ್ರಿ? ಜಮಾದಾರ ನೋಡಿದ್ರ ನನ್ನ ಇವತ್ತಿನ ಹಾಜರಿ ಹೋಗ್ತದ.”

ಚಹಾ ಮುಗಿಸಿ ಬರುವೆನೆಂದೆ. ನಾನು ಹೊರಬರುವಷ್ಟರಲ್ಲಿ ಅವರು ಎದುರುಮನೆಯಿಂದ ರಂಗೋಲಿ ಪುಡಿ ತಂದು ಕಾರಿನ ಸುತ್ತ ಗೆರೆ ಎಳೆದಿದ್ದರು. “ಹೊರಗಿಂದು ನಂದು, ಒಳಗಿಂದು ನಿಮ್ದು.”

ಓಣಿಯವರು ನಕ್ಕರು. ಕಾರು ತೆಗೆದೆ. ಗೆರೆಯೊಳಗೆ ಬೇವಿನೆಲೆ, ಗುಟ್ಕಾ ಚೀಟಿ ಹಾಗೇ ಬಿದ್ದಿದ್ದವು. ಶಾಂತಮ್ಮ ಕಸಬರಗಿಯನ್ನು ನನ್ನ ಕೈಗಿಟ್ಟರು.

“ಬಗ್ಗಿ ಕಸ ಹೊಡೀರಿ ಅಣ್ಣಾ. ಜಮಾದಾರ ಬರೋ ಹೊತ್ತಾಯ್ತು.”