ಇಳಿಜಾರಿನಲ್ಲಿ ಆರಿಸಿದ ಎಕ್ಸ್‌ಪ್ರೆಸ್ ಮೋಟಾರು

ಯುದ್ಧದ ಕಾಲದಲ್ಲಿ ನಾನು ಹುಬ್ಬಳ್ಳಿಯ ಮೋಟಾರು ಸ್ಟ್ಯಾಂಡಿನಲ್ಲಿ ಒಬ್ಬ ಧಣಿಯ ಮ್ಯಾನೇಜರಾಗಿದ್ದೆ. ಹೆಸರಿಗಷ್ಟೇ ಮ್ಯಾನೇಜರು. ಪೆಟ್ರೋಲ್ ಕೂಪನ್ನಿಗೆ ಕಚೇರಿ ಅಲೆಯುವುದು, ಇದ್ದಿಲ ಚೀಲ ಇಳಿಸಿಕೊಳ್ಳುವುದು, ಮೋಟಾರು ತಡವಾದರೆ ಬೈಸಿಕೊಳ್ಳುವುದು, ಎಲ್ಲ ನನ್ನ ಪಾಲಿಗೇ. ಪೆಟ್ರೋಲ್ ಸಾಲದೆ ಗಾಡಿಯ ಹಿಂದೆ ಹಂಡೆ ಕಟ್ಟಿ, ಇದ್ದಿಲ ಗ್ಯಾಸಿನಿಂದ ಓಡಿಸುತ್ತಿದ್ದ ದಿನಗಳವು. ಉಗುಳಿದರೆ ಉಗುಳೂ ಕಪ್ಪು. ಅಂಥದರಲ್ಲಿ ಧಣಿಗೆ ಎಕ್ಸ್‌ಪ್ರೆಸ್ಸಿನ ಹುಚ್ಚು ಹಿಡಿಯಿತು. ಹುಬ್ಬಳ್ಳಿ ಬಿಟ್ಟರೆ ನಡುವೆ ಎಲ್ಲೂ ನಿಲ್ಲದೆ, ಕೋರ್ಟು ತೆರೆಯುವ ಮುಂಚೆ ಕಕ್ಷಿದಾರರನ್ನು ಧಾರವಾಡ ಮುಟ್ಟಿಸಬೇಕಂತೆ.

ಇದ್ದದ್ದು ಎರಡು ಗಾಡಿ. ಒಂದು ಹೊಸ ಬಾಡಿ ಕಟ್ಟಿಸಿ ಬಣ್ಣ ಬಳಿಸಿದ ಉದ್ದನೆಯದು. ಇನ್ನೊಂದು ಗಿಡ್ಡ, ಹಳೆಯದು. ಅದನ್ನು ವರ್ಷಗಟ್ಟಲೆ ಓಡಿಸುತ್ತ, ರಿಪೇರಿಯನ್ನೂ ತಾವೇ ಮಾಡುತ್ತ ಬಂದ ಮುಸಲ್ಮಾನ ಡ್ರೈವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಎರಡಕ್ಕೂ ಇದ್ದಿಲು ಪೂರೈಸುವಂತಿರಲಿಲ್ಲ. ಎಕ್ಸ್‌ಪ್ರೆಸ್ಸಿಗೆ ನಾನು ಆರಿಸಿದ್ದು ಉಳಿಯುತ್ತದೆ, ಮತ್ತೊಂದು ಮಾರಾಟಕ್ಕೆ. ಹಳೆಯ ಗಾಡಿ ಹೋದರೆ ಕಾಕಾರ ಕೆಲಸವೂ ಹೋದಂತೆ.

ಧಣಿಯ ಮನೆ ಧಾರವಾಡದಲ್ಲಿತ್ತು. ಯಾವ ಹೊಸ ಕೆಲಸವಾದರೂ ಅವರ ಬಾಗಿಲ ಮುಂದೆ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಅಲ್ಲಿಂದಲೇ ಗಾಡಿ ಬಿಡುವ ಪದ್ಧತಿ. ಹೀಗಾಗಿ ಓಟದ ಪರೀಕ್ಷೆಯೂ ಧಾರವಾಡದಿಂದ ಹುಬ್ಬಳ್ಳಿಗೆ ನಡೆಯಿತು, ಅದೂ ಖಾಲಿ ಗಾಡಿಯಲ್ಲಿ. ಹೆಚ್ಚಿನ ದಾರಿ ಇಳಿಜಾರೇ. ಉದ್ದನೆಯ ಗಾಡಿ ಮೊದಲು ಬಂತು.

ಕಾಕಾ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು. "ರಾಯರ, ಇಳುಕಲದಾಗ ಕಲ್ಲೂ ಓಡ್ತದ. ಮಂದಿ ತುಂಬಿ ಒಮ್ಮೆ ಏರು ಹತ್ತಿಸಿ ನೋಡ್ರಿ."

ಅವರು ಹೇಳಿದ್ದು ಖರೆ ಎಂದು ನನಗೆ ಆಗಲೇ ಗೊತ್ತಿತ್ತು. ಆದರೆ ಇನ್ನೊಂದು ಪರೀಕ್ಷೆಯೆಂದರೆ ಮತ್ತೆ ಇದ್ದಿಲು, ಮತ್ತೆ ಅರ್ಜಿ, ಮತ್ತೆ ಧಣಿಯ ಗಂಟುಮುಖ. ನನಗೆ ಸಾಕುಸಾಕಾಗಿತ್ತು. ಆದದ್ದಾಯಿತು ಬಿಡಿ ಎಂದುಬಿಟ್ಟೆ. ಹಳೆಯ ಗಾಡಿಯ ಎಂಜಿನ್ ಬೆಂಗೇರಿಯ ಹಿಟ್ಟಿನ ಗಿರಣಿಯವರಿಗೆ ಹೋಯಿತು.

ಎಕ್ಸ್‌ಪ್ರೆಸ್ಸಿನ ಮೊದಲ ದಿನ ನಾನೂ ಹತ್ತಿದ್ದೆ. ಮೇಲೆ ಥಳಕು, ಒಳಗೆ ಹುಳುಕು. ತುಂಬಿದ ಗಾಡಿ ನವಲೂರ ಏರಿನಲ್ಲಿ ಏದುಸಿರು ಬಿಟ್ಟು ನಿಂತೇಬಿಟ್ಟಿತು. ಕಕ್ಷಿದಾರರು ಕಾಗದದ ಗಂಟು ಹಿಡಿದುಕೊಂಡು ಶಪಿಸುತ್ತ ಇಳಿದರು. ಹಿಂದಿನ ಸೀಟಿನಿಂದ ಕಡೆಗೆ ಇಳಿದವರು ಕಾಕಾ. ಧಾರವಾಡದ ಯಾವುದೋ ಗ್ಯಾರೇಜಿನಲ್ಲಿ ಕೆಲಸ ಕೇಳಲು ಹೊರಟಿದ್ದರು, ಟಿಕೀಟು ಕೊಂಡು.

ಅವರು ಹಂಡೆಯ ಮುಚ್ಚಳ ತೆಗೆದು ನೋಡಿ, ಬೂದಿ ಕೆದರಿ, ನನ್ನ ಕಡೆ ತಿರುಗಿದರು.

"ಹೆಗಲ ಕೊಡ್ರಿ, ರಾಯರ. ಮಂದಿಗೆ ಕೋರ್ಟಿನ ಹೊತ್ತಾತು."

ಇಳಿದವರಲ್ಲಿ ಕೆಲವರೂ ಕೈ ಹಚ್ಚಿದರು; ನಾವಿಬ್ಬರೂ ಪಕ್ಕಪಕ್ಕ ನಿಂತು ತಳ್ಳಿದೆವು. ಆ ಮನುಷ್ಯ ನನ್ನನ್ನು ಒಂದು ಮಾತು ಬೈದಿದ್ದರೆ ಅಂದಿನ ಏರು ನನಗೆ ಅಷ್ಟು ಭಾರವಾಗುತ್ತಿರಲಿಲ್ಲ.