ಬಮೆಂಡಾದಿಂದ ಬಂದ ಫೋನು

ಕಳೆದ ವಾರ ಗ್ಯಾರೇಜು ಖಾಲಿ ಮಾಡುವಾಗ ಲಾಸ್ ಏಂಜಲೀಸಿನ ಹಳೆಯ ರಸ್ತೆ ನಕಾಶೆಯ ಪುಸ್ತಕ ಸಿಕ್ಕಿತು. ಅದರ ನಡುವೆ, ಆಗೆಲ್ಲ ಪರದೇಶಕ್ಕೆ ಫೋನ್ ಮಾಡಲು ಕೊಳ್ಳುತ್ತಿದ್ದ ಒಂದು ಕಾಲಿಂಗ್ ಕಾರ್ಡ್ ಇತ್ತು. ನಾಣ್ಯದಿಂದ ಕೆರೆದ ಬೆಳ್ಳಿ ಪಟ್ಟಿ, ಅದರಡಿಯ ಅಂಕಿಗಳು, ಮೂಲೆಯಲ್ಲಿ ಜಿಡ್ಡಿನ ಬೆರಳ ಗುರುತು. ಮೂಸಿ ನೋಡಿದೆ. ತುಪ್ಪದ ವಾಸನೆ ಇರಬಹುದು ಎಂದುಕೊಂಡಿದ್ದೆ. ಬರೀ ಧೂಳು...

ಕಾರ್ಡು ಕೊಟ್ಟವರು ಸಿಹಿ ಅಂಗಡಿಯ ಆಂಟಿ. ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಹೊಸದಾಗಿ ಮನೆ ಮಾಡಿದ್ದೆವು. ಹದಿನೈದು ದಿನಕ್ಕೊಮ್ಮೆ, ಶನಿವಾರ, ಎರಡು ಗಂಟೆ ಡ್ರೈವ್ ಮಾಡಿಕೊಂಡು ಬೇಳೆ, ಹುಣಸೆಹಣ್ಣು, ಕರಿಬೇವಿಗೆಂದು ಲಾಸ್ ಏಂಜಲೀಸಿನ ಪಕ್ಕದ ಆರ್ಟೀಸಿಯಾಕ್ಕೆ ಹೋಗುತ್ತಿದ್ದೆವು. ಅಲ್ಲಿ ಆಂಟಿ ತಮ್ಮ ಅಣ್ಣನ ಅಂಗಡಿಯಲ್ಲಿ ಲಾಡು ತೂಗುತ್ತಿದ್ದರು. ಉಡುಪಿ ಕಡೆಯವರು. ತಕ್ಕಡಿ ಸಮಕ್ಕೆ ಬಂದ ಮೇಲೂ ಒಂದು ಲಾಡು ಹೆಚ್ಚು ಹಾಕಿ, ಅಣ್ಣ ನೋಡಿದರೇ ಎಂದು ಆ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು.

ಅವರ ಗಂಡ ಕ್ಯಾಮರೂನಿನ ಡುವಾಲಾ ಎಂಬ ಊರಿಗೆ, ಸಿಂಧಿ ವ್ಯಾಪಾರಿಯೊಬ್ಬರ ಬಟ್ಟೆ ಅಂಗಡಿಯ ಕೆಲಸಕ್ಕೆಂದು ಹೋಗಿದ್ದರು. ಮೂರು ವರ್ಷ ಕಾಗದ ಬಂತು. ಆಮೇಲೆ ನಿಂತಿತು. ಆಂಟಿ ಬರೆದ ಕಾಗದಗಳು ಒಂದೊಂದಾಗಿ ಹಿಂದಿರುಗಿದವು. ಅಣ್ಣ ತಂಗಿಯನ್ನು ಅಮೆರಿಕಕ್ಕೆ ಕರೆಸಿಕೊಂಡರು. ನಾನು ನೋಡುವ ಹೊತ್ತಿಗೆ ಸುದ್ದಿಯಿಲ್ಲದೆ ಹನ್ನೊಂದು ವರ್ಷ ದಾಟಿತ್ತು.

ಹನ್ನೆರಡು ವರ್ಷ ಸುದ್ದಿಯಿಲ್ಲದಿದ್ದರೆ ಆ ಮನುಷ್ಯ ಹೋದನೆಂದೇ ತಿಳಿದು, ದರ್ಭೆಯಲ್ಲಿ ಆಕೃತಿ ಮಾಡಿ ಸುಟ್ಟು, ಕ್ರಿಯೆ ಮುಗಿಸುವುದು ಅವರಲ್ಲಿ ಪದ್ಧತಿ. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಮಾಡಿಬಿಡೋಣವೆಂದು ಅಣ್ಣ ಪುರೋಹಿತರಿಗೆ ಹೇಳಿಯಾಗಿತ್ತು. ಅಂದಿನಿಂದ ಆಂಟಿ ಕುಂಕುಮ ಇಡುವಂತಿಲ್ಲ.

ಬೆಂಗಳೂರಿನಲ್ಲಿ ಪಿಯುಸಿಗೆ ನಾನು ಫ್ರೆಂಚ್ ತೆಗೆದುಕೊಂಡಿದ್ದೆನೆಂದು ಹೇಗೋ ಅವರಿಗೆ ತಿಳಿಯಿತು. ನಮ್ಮ ಕಾಲದಲ್ಲಿ ಮಾರ್ಕ್ಸ್ ಬರುತ್ತದೆಂದು ಅದನ್ನು ತೆಗೆದುಕೊಳ್ಳುತ್ತಿದ್ದರು, ಮಾತಾಡಲಿಕ್ಕಲ್ಲ. ಹಾಗೆಂದು ಹೇಳಿದೆ.

“ಮಾತಾಡುದು ಆಮೇಲೆ ಮಾರಾಯ್ತಿ. ಇದನ್ನು ಓದು ಮೊದ್ಲು,” ಎಂದು ಕೌಂಟರಿನ ಕೆಳಗಿನಿಂದ ಹಿಂದಿರುಗಿದ ಲಕೋಟೆಗಳ ಕಟ್ಟು ತೆಗೆದರು.

ಪ್ರತಿಯೊಂದರ ಮೇಲೂ ಫ್ರೆಂಚಿನಲ್ಲಿ ನೇರಳೆ ಮುದ್ರೆ. ಅಂಚೆ ಪೆಟ್ಟಿಗೆ ಮುಚ್ಚಲಾಗಿದೆ, ಅಷ್ಟೆ. ಆ ದೇಶದಲ್ಲಿ ಅಂಚೆಯವನು ಮನೆಗೆ ಬರುವುದಿಲ್ಲ, ಕಾಗದಗಳೆಲ್ಲ ಅಂಚೆ ಕಚೇರಿಯ ನಂಬರಿನ ಪೆಟ್ಟಿಗೆಗೇ ಹೋಗುತ್ತವೆ ಎಂಬುದು ಆಮೇಲೆ ತಿಳಿಯಿತು. ವ್ಯಾಪಾರಿ ಹಳೆಯ ಪೆಟ್ಟಿಗೆ ಬಿಟ್ಟು ಬೇರೆ ತೆಗೆದುಕೊಂಡಿದ್ದ. ಆಂಟಿ ಮಾತ್ರ ಅಷ್ಟು ವರ್ಷ ಆ ಮುದ್ರೆಯಲ್ಲಿ ‘ಈ ಮನುಷ್ಯ ಇಲ್ಲ’ ಎಂದು ಬರೆದಿದೆ ಎಂದುಕೊಂಡಿದ್ದರು. ಯಾರೂ ಓದಿ ಹೇಳಿರಲಿಲ್ಲ.

“ಹಾಗಾದ್ರೆ ನನ್ನ ಕಾಗದ ಅವರಿಗೆ ಸಿಕ್ಕಲೇ ಇಲ್ಲ,” ಎಂದರು. ಮುಂದಿನ ಸಲ ಹೋದಾಗ, ಅಲ್ಲಿಗೆ ಫೋನ್ ಮಾಡಿ ನೋಡು ಎಂದು ಕಾರ್ಡು ಕೊಟ್ಟರು.

ಕೆಲಸಕ್ಕೆ ಹೊರಡುವ ಮುಂಚೆ, ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತಿದ್ದೆ. ಅಲ್ಲಿ ಆಗ ಮಧ್ಯಾಹ್ನ ಕಳೆದಿರುತ್ತಿತ್ತು. ಆಪರೇಟರ್ ಮೂಲಕ ಡುವಾಲಾದ ಬಟ್ಟೆ ಅಂಗಡಿಯ ನಂಬರು ಹಿಡಿಯಲು ಎಂಟು ದಿನ ಬೇಕಾಯಿತು. ಕಾಗದದಲ್ಲಿ ಬರೆದಿಟ್ಟುಕೊಂಡಿದ್ದ ಫ್ರೆಂಚ್ ವಾಕ್ಯವನ್ನು ಓದಿದೆ. ಆ ಕಡೆಯ ಹುಡುಗಿ ಫೋನು ಬೇರೆಯವರಿಗೆ ಕೊಟ್ಟಳು. “ಬೇಟಿ, ಹಿಂದಿ ಬೋಲೋ,” ಎಂದರು ವ್ಯಾಪಾರಿ.

ಆಂಟಿಯ ಗಂಡ ಅವರ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಡುವಾಲಾ ಫ್ರೆಂಚ್ ಆಡುವ ಭಾಗ, ಅವರು ಹೋದದ್ದು ಇಂಗ್ಲಿಷ್ ಆಡುವ ಬಮೆಂಡಾ ಕಡೆಗೆ. ವಿಳಾಸ ಗೊತ್ತಿಲ್ಲ. ಇಲ್ಲಿ ಯಾರನ್ನಾದರೂ ಹುಡುಕಬೇಕಾದರೆ ರೇಡಿಯೋದಲ್ಲಿ ಹೆಸರು ಓದಿಸುತ್ತಾರೆ, ಎರಡೂ ಭಾಷೆಯಲ್ಲಿ ಓದಿಸುತ್ತೇನೆ, ನಿನ್ನ ನಂಬರು ಕೊಡು ಎಂದರು. ಕೊಟ್ಟೆ.

ಮೂರನೆಯ ವಾರ, ಒಂದು ಗುರುವಾರ ಬೆಳಿಗ್ಗೆ ಫೋನು ಬಂತು. ಆ ಕಡೆಯವರು ತಮ್ಮ ಹೆಸರು ಹೇಳಿದರು: ಆಂಟಿಯ ಗಂಡ. ನಾನು ಯಾರೆಂದು ಕನ್ನಡದಲ್ಲಿ ಹೇಳಿದೆ. ಆಮೇಲೆ ಅವರೂ ಕನ್ನಡದಲ್ಲಿ, ಒಂದೊಂದು ಪದಕ್ಕೂ ನಿಂತು ನಿಂತು ಮಾತಾಡಿದರು.

“ರೇಡಿಯೋದಲ್ಲಿ ನನ್ನ ಹೆಸ್ರು ಓದಿದ ಕೂಡ್ಲೆ ಪಕ್ಕದ ಮನೆಯವರೆಲ್ಲ ಅಳ್ತಾ ಬಂದ್ರು. ಆ ಹೊತ್ತಿಗೆ ಇಲ್ಲಿ ಹೆಚ್ಚಾಗಿ ಓದುದು ಸತ್ತವರ ಹೆಸ್ರು. ಬಾಗಿಲು ತೆಗ್ದದ್ದು ನಾನೇ.” ನಕ್ಕರು.

ನಾನು ಅಮಾವಾಸ್ಯೆಯ ವಿಷಯ ಹೇಳಿದೆ. ಹಿಂದಿನಿಂದ ಹೆಂಗಸೊಬ್ಬರು ಅವರನ್ನು ಇಂಗ್ಲಿಷಿನಲ್ಲಿ ಊಟಕ್ಕೆ ಕರೆದರು. ಬಂದೆ ಎಂದು ಅವರಿಗೆ ಹೇಳಿ, ನನಗೆ ಹೇಳಿದರು: “ನಾನು ಬದುಕಿದ್ದೇನೆ ಅಂತ ಹೇಳಿ. ಬರುದಿಲ್ಲ, ಕಾಯ್ಬೇಡ ಅಂತ್ಲೂ ಹೇಳಿ. ಇಲ್ಲಿ ನಂಗೆ ಸಂಸಾರ ಉಂಟು. ಎರಡೂ ಹೇಳಿ, ಒಂದೇ ಹೇಳ್ಬೇಡಿ.”

ನಂಬರು ಕೇಳಿದೆ. “ಅದು ಬೇಡ,” ಎಂದು ಇಟ್ಟರು.

ಗೋಡೆಯ ಕ್ಯಾಲೆಂಡರಿನಲ್ಲಿ, ಆ ಗುರುವಾರದ ಚೌಕದೊಳಗೆ ಎರಡೂ ವಾಕ್ಯ ಬರೆದುಕೊಂಡೆ. ಅಂಗಡಿಯ ಫೋನು ಅಣ್ಣನ ಪಕ್ಕದಲ್ಲೇ ಇರುತ್ತಿತ್ತು. ಎದುರು ಕೂತೇ ಹೇಳಬೇಕೆಂದು ಶನಿವಾರದವರೆಗೆ ಕಾದೆ.

ಆ ಶನಿವಾರ ವರಮಹಾಲಕ್ಷ್ಮಿ. ಹಬ್ಬ ಶುಕ್ರವಾರದ್ದು, ಕೆಲಸದ ದಿನವಾದ್ದರಿಂದ ನಾವೆಲ್ಲ ಮರುದಿನಕ್ಕೆ ಎಳೆದುಕೊಳ್ಳುತ್ತಿದ್ದೆವು. ಅದು ನನಗೆ ಮರೆತೇಹೋಗಿತ್ತು. ಅಂಗಡಿಯ ಮೇಲಿನ ಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಆಂಟಿಯ ಕೈಯಿಂದ ಇದು ಕೊನೆಯ ಕುಂಕುಮ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಆ ಮಾತು ಆಡುತ್ತಿರಲಿಲ್ಲ. ಆಂಟಿ ತಟ್ಟೆ ಹಿಡಿದು ನನ್ನೆದುರು ಬಂದರು. ಬೆರಳು ನನ್ನ ಹಣೆಯ ಹತ್ತಿರ ಬಂದಾಗ ಮೆಲ್ಲಗೆ ಕೇಳಿದರು: “ಎಂತಾದ್ರೂ ಗೊತ್ತಾಯ್ತಾ?”

ಕುಂಕುಮ ಇಡಿಸಿಕೊಳ್ಳುವಾಗ ಅಶುಭ ಆಡಬಾರದೆಂದೇ ಬೆಳೆದವಳು ನಾನು. “ಇದ್ದಾರೆ ಆಂಟಿ,” ಎಂದೆ. ಅಷ್ಟೇ ಎಂದೆ.

ಬೆರಳು ನಿಂತಿತು. ಆಮೇಲೆ ನನ್ನ ಹಣೆಗೆ ಇಟ್ಟು, ಉಳಿದದ್ದನ್ನು ತಮ್ಮ ತಾಳಿಗೆ ಹಚ್ಚಿಕೊಂಡರು. “ಇಂಥಾ ಮಾತನ್ನು ಬಾಗಿಲಲ್ಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ, ಪಿಶಾಚಿ!” ಎಂದು ನನ್ನ ಭುಜಕ್ಕೆ ಹೊಡೆದರು. ಹೆಂಗಸರೆಲ್ಲ ಎದ್ದು ಬಂದರು. ಅಣ್ಣ ಪುರೋಹಿತರಿಗೆ ಫೋನ್ ಮಾಡಿ ಅಮಾವಾಸ್ಯೆಯದು ಬೇಡವೆಂದು ಹೇಳಿದ್ದು ಕೇಳಿಸಿತು.

ಸಂಜೆ ಹೇಳೋಣವೆಂದುಕೊಂಡೆ. ಹೊರಡುವಾಗ ಆಂಟಿ ಕಾರಿನವರೆಗೆ ಬಂದರು, ಕೈಯಲ್ಲಿ ಕಡುಬಿನ ಡಬ್ಬಿ.

“ಬರುವ ಮಾತು ಎಂತಾದ್ರೂ ಹೇಳಿದ್ರಾ?”

“ಲೈನ್ ಕಟ್ ಆಯ್ತು ಆಂಟಿ.”

ಬಾಯಿ ತಪ್ಪಿ ಹೇಳಿದ್ದಲ್ಲ ಅದು. ಯೋಚಿಸಿಯೇ ಹೇಳಿದ್ದು.

ಆಮೇಲಿನದು ಹೆಚ್ಚಿಲ್ಲ. ಆಂಟಿ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಗಂಡ ಬಂದ ದಿನ ಏರ್‌ಪೋರ್ಟಿನಿಂದ ತಾವೇ ಕರೆತರಬೇಕು, ಅದಕ್ಕೂ ಅಣ್ಣನನ್ನು ಕೇಳುವಂತಿರಬಾರದು ಎಂಬುದು ಅವರ ಹಟ. ಮೂರನೆಯ ಸಲ ಟೆಸ್ಟ್ ಪಾಸಾದರು. “ಎದುರಿಂದ ಗಾಡಿ ಬರುವಾಗ ಲೆಫ್ಟ್ ಟರ್ನ್ ಅಂದ್ರೆ ಹೆದ್ರಿಕೆ ಆಗ್ತದೆ. ಬರೀ ರೈಟ್ ಟರ್ನಲ್ಲೇ ಏರ್‌ಪೋರ್ಟಿಗೆ ಹೋಗುವ ದಾರಿ ಹುಡುಕಿದ್ದೇನೆ, ನೋಡು,” ಎಂದು ಹೇಳಿ ನಕ್ಕಿದ್ದರು. ನಾನೂ ನಕ್ಕೆ.

ಹೋದಾಗಲೆಲ್ಲ “ಮತ್ತೆ ಫೋನ್ ಬಂತಾ?” ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು. ಸ್ಯಾನ್ ಡಿಯಾಗೋದಲ್ಲೇ ಇಂಡಿಯನ್ ಅಂಗಡಿಗಳು ತೆರೆದವು. ನಾನು ಆರ್ಟೀಸಿಯಾಕ್ಕೆ ಹೋಗುವುದು ತಿಂಗಳಿಗೊಮ್ಮೆಯಾಯಿತು, ವರ್ಷಕ್ಕೊಮ್ಮೆಯಾಯಿತು, ಆಮೇಲೆ...

ಹೋದ ವರ್ಷ ಅಣ್ಣನ ಫೋನು ಬಂತು. ಆಂಟಿ ತೀರಿಕೊಂಡಿದ್ದರು. ಅಣ್ಣನ ಧ್ವನಿಯೂ ಮುದಿಯಾಗಿತ್ತು.

“ಕೆಂಪು ಸೀರೆ ಉಡಿಸಿ, ಹೂ ಮುಡಿಸಿ ಕಳಿಸಿದೆವು. ಮುತ್ತೈದೆಯಾಗಿ ಹೋದ್ಲು, ಪುಣ್ಯವಂತೆ.”

“ಹೌದು ಅಂಕಲ್,” ಎಂದೆ.

“ಭಾವನಿಗೆ ತಿಳಿಸ್ಬೇಕಲ್ಲ. ಕ್ರಿಯೆಗೆ ಹಕ್ಕು ಅವರದ್ದು. ಆಗ ಹುಡುಕಿದ್ದು ನೀನೇ ಅಲ್ವಾ, ಇನ್ನೊಮ್ಮೆ ನೋಡು.”

ನೋಡುತ್ತೇನೆ ಎಂದೆ. ಎರಡು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. ಸಿಗಲಿಲ್ಲ ಎಂದೆ. ಹಾಗಾದರೆ ನಾನೇ ಮಾಡುತ್ತೇನೆ, ಏನು ಮಾಡುವುದು ಎಂದು ಇಟ್ಟರು.

ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ಆಂಟಿಯ ಗಂಡ ಬದುಕಿದ್ದಾರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪೂರ್ತಿ ಮಾತು ಹೇಳಬೇಕಾಗಿದ್ದ ಆಂಟಿ ಮಾತ್ರ ಇಲ್ಲ.